ನಾಗರಕ್ಕೆ ನಲವತ್ತು ನಿಮಿಷ, ತೋಳಹಾವಿಗೆ ನಾಲ್ಕು

ಮೊದಲೇ ಹೇಳ್ಬಿಡ್ತೀನಿ, ಊರು, ಆಸ್ಪತ್ರೆ, ಜನ ಯಾವುದರ ಹೆಸರೂ ಇಲ್ಲಿ ಬರಲ್ಲ, ಗುರುತು ಸಿಗೋ ಥರದ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ. ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕೇಂದ್ರ, ರಿಂಗ್ ರೋಡ್ ದಾಟಿ ಸ್ವಲ್ಪ ಮುಂದೆ ಹೋದ್ರೆ ಒಂದು ಲೇಔಟು, ಅಷ್ಟು ಸಾಕು. ನಾನು ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ, ಅಂದ್ರೆ ನೀರಿನ ಟ್ಯಾಂಕರ್ ಬರ್ಲಿಲ್ಲ ಅಂದ್ರೆ ಬೈಸ್ಕೊಳ್ಳೋ ಮನುಷ್ಯ. ಹಾವಿನ ಬಗ್ಗೆ ಓದಿದವನೂ ಅಲ್ಲ, ಹಿಡಿಯೋನೂ ಅಲ್ಲ. ಇದನ್ನ ಬರೀತಿರೋದು ಯಾಕಂದ್ರೆ ನಾವು ಎರಡು ವರ್ಷ ಮಾಡಿದ ತಪ್ಪುಗಳನ್ನೇ ಪಕ್ಕದ ಲೇಔಟಿನವರು ಈಗ ಒಂದೊಂದಾಗಿ ಶುರು ಹಚ್ಕೊಂಡಿದಾರೆ, ಅವರಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು.

ಜಾಗ ಹೆಂಗಿತ್ತು

ಮುಂಚೆ ಇದು ರಾಗಿ ಹೊಲ. ಕೆಳಗಡೆ ಕೆರೆ ಕೋಡಿಯ ಹಳ್ಳ. ತೊಂಬತ್ತು ಚಿಲ್ಲರೆ ಸೈಟು, ನಾವು ಬಂದಾಗ ಮನೆ ಎದ್ದಿದ್ದು ಮೂವತ್ತೊಂದು, ಮಿಕ್ಕಿದ್ದೆಲ್ಲ ಪಾರ್ಥೇನಿಯಂ ಮತ್ತೆ ಲಂಟಾನ. ಪ್ರತಿ ಖಾಲಿ ಸೈಟಲ್ಲೂ ಯಾರದೋ ಮನೆ ಕಟ್ಟಿ ಉಳಿದ ಸೈಜುಗಲ್ಲು, ಒಡೆದ ಹಾಲೋ ಬ್ಲಾಕು, ಸೆಂಟ್ರಿಂಗ್ ಹಲಗೆ. ಮೂಲೆ ಸೈಟಲ್ಲಿ ಎಲ್ರೂ ಕಸ ಸುರಿಯೋರು, ಬೀದಿನಾಯಿಗೆ ಅಂತ ಅನ್ನ ಹಾಕೋರು, ಅಲ್ಲಿ ಸಂಜೆ ಏಳಕ್ಕೆ ಟಾರ್ಚ್ ಹೊಡೆದ್ರೆ ಹೆಗ್ಗಣಗಳು ಜಾತ್ರೆಗೆ ಬಂದಂಗೆ ಓಡಾಡೋವು. ಕಲ್ಲು ಮನೆ ಆಯ್ತು, ಹೆಗ್ಗಣ ಊಟ ಆಯ್ತು, ಹಾವು ಬರದೇ ಇನ್ನೇನು ಬರುತ್ತೆ. ಆದ್ರೆ ಅವತ್ತು ಹಿಂಗೆಲ್ಲ ಯೋಚನೆ ಬರ್ಲಿಲ್ಲ, ನಾವು ದುಡ್ಡು ಕೊಟ್ಟು ಸೈಟ್ ತಗೊಂಡಿದೀವಿ, ಹಾವು ಎಲ್ಲಿಂದಲೋ ನಮ್ಮ ಮೇಲೆ ಬರ್ತಿದಾವೆ ಅನ್ನೋದೇ ಎಲ್ರ ತಲೇಲಿ.

ಗ್ರೂಪಲ್ಲಿ ಬಿದ್ದ ಫೋಟೋಗಳು

ಯಾರ ಮನೇಲಿ ಹಾವು ಹೊಡೆದ್ರೂ ವಾಟ್ಸಾಪ್ ಗ್ರೂಪಿಗೆ ಫೋಟೋ ಬೀಳ್ತಿತ್ತು. ಕೋಲಿನ ತುದೀಲಿ ನೇತಾಡ್ತಿರೋ ಹಾವು, ಇಲ್ಲಾ ಸಿಮೆಂಟ್ ನೆಲದ ಮೇಲೆ ಉದ್ದ ಮಲಗಿಸಿ ಪಕ್ಕದಲ್ಲಿ ಅಳತೆಗೆ ಒಂದು ಹವಾಯಿ ಚಪ್ಪಲಿ. ಕೆಳಗೆ ಹತ್ತಾರು ಕೈಮುಗಿಯೋ ಗುರುತು, "ಸೂಪರ್ ಸರ್", "ದೇವರು ದೊಡ್ಡೋನು". ಮೊದಲ ಹದಿನಾಲ್ಕು ತಿಂಗಳಲ್ಲಿ ಹಿಂಗೆ ಹನ್ನೊಂದು.

ಅದರಲ್ಲಿ ಒಂದು ನನ್ನ ಲೆಕ್ಕದ್ದು. ಕೋಲು ನನ್ನ ಕೈಲಿರಲಿಲ್ಲ, ಟಾರ್ಚ್ ಇತ್ತು. ಗೇಟ್ ಪಕ್ಕದ ಚರಂಡಿಲಿ ಆರಡಿ ಉದ್ದದ ಹಾವು, ನಾನು ಬೆಳಕು ಬಿಡ್ತಾ ನಿಂತೆ, ಮೂರು ಜನ ಹೊಡೆದ್ರು. ಎರಡನೇ ಏಟಿಗೋ ಮೂರನೇ ಏಟಿಗೋ ಅದರ ಬಾಯಿಂದ ಒಂದು ಇಲಿ ಹೊರಗೆ ಬಂತು, ಪೂರ್ತಿ ಇಲಿ, ಮೈಯೆಲ್ಲ ಒದ್ದೆ, ಕೂದಲು ಅಂಟ್ಕೊಂಡು ಸಣ್ಣಗಾಗಿತ್ತು. ಹೊಡೀತಿದ್ದವರು ಒಂದು ಸೆಕೆಂಡ್ ನಿಂತ್ರು, ಆಮೇಲೆ ಮತ್ತೆ ಶುರು ಮಾಡಿದ್ರು. ಅದು ಕೇರೆಹಾವು. ಕೇರೆಗೆ ವಿಷ ಇಲ್ಲ ಅಂತ ಅಲ್ಲಿದ್ದ ನಾಲ್ಕೂ ಜನಕ್ಕೆ ಗೊತ್ತಿತ್ತು ಅನ್ನೋದು ಈ ಕಥೇಲಿ ನನಗೆ ಇವತ್ತಿಗೂ ಒಗಟು. "ಬಾಲದಲ್ಲಿ ಹೊಡೆದ್ರೆ ಮೈ ಕೊಳೆಯುತ್ತೆ" ಅಂತ ಒಬ್ರು, "ಅದು ನಾಗರದ ಗಂಡು ಕಣ್ರೀ, ಇದಿದ್ರೆ ಅದೂ ಬರುತ್ತೆ" ಅಂತ ಇನ್ನೊಬ್ರು. ಎರಡೂ ಸುಳ್ಳು. ಕೇರೆ ಬೇರೆ ಜಾತಿ, ನಾಗರ ಬೇರೆ ಜಾತಿ, ಕೇರೆಲೂ ಗಂಡು ಹೆಣ್ಣು ಇದಾವೆ. ಕೇರೆ ಜೋಡಿ ಕಾದಾಡೋವಾಗ ಹೆಣೆದುಕೊಂಡು ಎದ್ದು ನಿಲ್ತವೆ, ಅವು ಎರಡೂ ಗಂಡೇ ಆಗಿರ್ತವೆ, ನೋಡಿದೋರು ಸರಸ ಅನ್ಕೋತಾರೆ.

ಮೇಷ್ಟ್ರು

ನಮ್ಮಲ್ಲಿ ಹಾವು ಅಂದ್ರೆ ಕರೆ ಹೋಗ್ತಿದ್ದಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರಿಗೆ. ಎಪ್ಪತ್ತು ದಾಟಿದೆ, ಬಿದಿರಿನ ಒಂದು ಕೋಲು ಬಾಗಿಲ ಹಿಂದೆ ಯಾವಾಗಲೂ ರೆಡಿ. ಹನ್ನೊಂದರಲ್ಲಿ ಆರು ಅವರ ಕೈದು. ಇವರನ್ನ ಕ್ರೂರಿ ಅನ್ನೋಕೆ ಬರಲ್ಲ, ಬೆಕ್ಕಿನ ಮರಿಗೆ ಫಿಲ್ಲರಲ್ಲಿ ಹಾಲು ಕುಡಿಸೋ ಜನ. ಅವರು ಹತ್ತು ವರ್ಷದ ಹುಡುಗ ಆಗಿದ್ದಾಗ ಕಣದಲ್ಲಿ ಅಣ್ಣ ತಮ್ಮ ಪಕ್ಕಪಕ್ಕ ಮಲಗಿದ್ರಂತೆ. ಬೆಳಗಿನ ಜಾವ ತಮ್ಮ ಹೊಟ್ಟೆನೋವು ಅಂದ. ಅವ್ವ ಓಮಿನ ಕಷಾಯ ಮಾಡಿ ಕೊಟ್ಳು. ಕಣ್ಣು ಬಿಡು ಅಂದ್ರೆ ಬಿಡಕ್ಕಾಗ್ತಿಲ್ಲ, ರೆಪ್ಪೆ ಇಳಿದುಹೋಗಿದೆ, ಮಾತು ತೊದಲ್ತಿದೆ. ಮಂತ್ರ ಹಾಕೋರ ಮನೆಗೆ ಗಾಡಿ ಕಟ್ಟಿದ್ರು. ದಾರೀಲೇ ಹೋಯ್ತು. ಕಟ್ಟುಹಾವು ಅಂತ ಆಮೇಲೆ ಊರೋರು ಹೇಳಿದ್ದು, ಹಾವನ್ನ ಯಾರೂ ನೋಡಿರಲಿಲ್ಲ.

ಈ ಕಥೆ ನನಗೆ ತುಂಬಾ ತಡವಾಗಿ ಗೊತ್ತಾಯ್ತು. ಮೊದಲೇ ಗೊತ್ತಿದ್ರೆ ಮೀಟಿಂಗಲ್ಲಿ ಅವರೆದುರು "ಹಾವಿಗೆ ಹೆದರೋ ಅವಶ್ಯಕತೆ ಇಲ್ಲ" ಅಂತ ಭಾಷಣ ಬಿಗೀತಿರಲಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಹೆಚ್ಚು ಜನ ಹಳ್ಳಿಯೋರು. ಹಿಂಗಿರುವಾಗ ಹೆದರಬೇಡಿ ಅಂತ ಹೇಳೋದು ಟೈಲ್ಸ್ ನೆಲದಲ್ಲಿ ಮಂಚದ ಮೇಲೆ ಮಲಗೋನು ಕಣದಲ್ಲಿ ಮಲಗಿದೋನಿಗೆ ಹೇಳೋ ಮಾತು.

ಏನೇನು ಮಾಡಿ ಕೆಟ್ವಿ

ಔಷಧಿಗಳ ಕಥೆ ಬೇಗ ಮುಗಿಸ್ತೀನಿ. ಫಿನಾಯಿಲ್ ಸುರಿದ್ವಿ, ಬೆಳ್ಳುಳ್ಳಿ ಜಜ್ಜಿ ಮೋರಿ ಬಾಯಿಗೆ ಹಾಕಿದ್ವಿ, ಬ್ಲೀಚಿಂಗ್ ಪೌಡರ್ ಗೆರೆ ಎಳೆದ್ವಿ, ಈಶ್ವರಬಳ್ಳಿ ನೆಟ್ವಿ. ಯಾರೋ ಕಾರ್ಬಾಲಿಕ್ ಆಸಿಡ್ ತಂದ್ರು, ಅದು ವಾಚ್‌ಮನ್ ಕೈಮೇಲೆ ಚೆಲ್ಲಿ ಚರ್ಮ ಸುಟ್ಟಿತು. ಹಾವು ಬ್ಲೀಚಿಂಗ್ ಗೆರೆ ದಾಟ್ಕೊಂಡು ಹೋದ ಗುರುತು ಮಾರನೇ ದಿನ ಪುಡಿ ಮೇಲೇ ಇತ್ತು. ಅಲ್ಲಿಗೆ ಆ ಅಧ್ಯಾಯ ಮುಗೀತು.

ಆಮೇಲೆ ಜಾಗೃತಿ ಕಾರ್ಯಕ್ರಮ. ಇದು ನನ್ನ ಐಡಿಯಾ, ಹಾಗಾಗಿ ಇದರ ಪಾಪ ನಂದೇ. ಬೇರೆ ಊರಿಂದ ಒಬ್ಬ ಹಾವು ಹಿಡಿಯೋನನ್ನ ಕರೆಸಿದ್ವಿ. ಆತ ಡಬ್ಬದಿಂದ ನಾಗರ ತೆಗೆದು ಹೆಡೆ ಆಡಿಸಿದ, ಬಾಲ ಹಿಡಿದು ತಿರುಗಿಸಿದ, ಮಕ್ಕಳ ಕುತ್ತಿಗೆಗೆ ಮಣ್ಣುಮುಕ್ಕ ಹಾವು ಹಾಕಿ ಫೋಟೋ ತೆಗೆಸಿದ. ಹಿಂಗೆ ಹಾವು ಪ್ರದರ್ಶನ ಮಾಡೋದೇ ಕಾನೂನಿಗೆ ವಿರುದ್ಧ ಅಂತ ನನಗೆ ಅವತ್ತು ಗೊತ್ತಿರಲಿಲ್ಲ. ಮುಂದಿನ ವಾರ ಏಳನೇ ಕ್ಲಾಸಿನ ಇಬ್ರು ಹುಡುಗರು ಹಳ್ಳದ ಹತ್ರ ಒಂದು ಹಾವಿನ ಬಾಲ ಹಿಡಿದು ವಿಡಿಯೋ ಮಾಡ್ತಿದ್ರು. ಪುಣ್ಯ, ಅದು ನೀರೊಳ್ಳೆ, ಒಬ್ಬನ ಬೆರಳಿಗೆ ಚೆನ್ನಾಗಿ ಕಚ್ಚಿ ರಕ್ತ ಬಂತು ಅಷ್ಟೆ, ವಿಷ ಇಲ್ಲ. ಅವರಪ್ಪ ಹೋಗಿ ಅದನ್ನ ಹುಡುಕಿ ಹೊಡೆದು ಬಂದ. ಭಯ ಕಳೀಬೇಕು ಅಂತ ಹೊರಟ ನಾನು ದೊಡ್ಡೋರ ಭಯ ಹಂಗೇ ಬಿಟ್ಟು ಮಕ್ಕಳ ಭಯ ಮಾತ್ರ ಕಳೆದಿದ್ದೆ, ಅದೂ ಇರಬೇಕಾದ ಭಯ.

ಮೂರನೇದು ಬೆದರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರ, ಕೇರೆ, ಕೊಳಕುಮಂಡಲ ಇವನ್ನೆಲ್ಲ ಕೊಲ್ಲೋದು ಅಪರಾಧ, ಇನ್ಮುಂದೆ ಫೋಟೋ ಹಾಕಿದೋರ ಮೇಲೆ ಕಂಪ್ಲೇಂಟ್ ಆಗುತ್ತೆ ಅಂತ ಗ್ರೂಪಲ್ಲಿ ದಪ್ಪಕ್ಷರದಲ್ಲಿ ಹಾಕಿದೆ. ಎರಡು ತಿಂಗಳು ಒಂದು ಫೋಟೋನೂ ಇಲ್ಲ. ನಾನು ಗೆದ್ದೆ ಅಂತ ಮೀಸೆ ತಿರುವ್ಕೊಂಡಿದ್ದೆ. ಆಮೇಲೆ ಕಸದ ಗಾಡಿ ಹುಡುಗ ಸಿಕ್ಕಿ "ಸಾರ್, ಹಾವನ್ನ ಒಣಕಸಕ್ಕೆ ಹಾಕ್ತಾರೆ, ಹಸಿಕಸಕ್ಕೆ ಹಾಕಕ್ಕೆ ಹೇಳಿ" ಅಂದ. ಹೊಡೆಯೋದು ನಿಂತಿರಲಿಲ್ಲ, ನಮಗೆ ಗೊತ್ತಾಗೋದು ನಿಂತಿತ್ತು. ಅದನ್ನ ಕೇಳಿದ ದಿನವೇ ಆ ಮೆಸೇಜು ವಾಪಸ್ ತಗೊಂಡು, ಕ್ಷಮೆ ಕೇಳಿ, ಯಾರ ಮೇಲೂ ಏನೂ ಆಗಲ್ಲ ದಯವಿಟ್ಟು ಫೋಟೋ ಹಾಕ್ತಾ ಇರಿ ಅಂತ ಬರೆದೆ. ನನ್ನ ಹೆಂಡತಿ ನಕ್ಕಳು, ಕೊಲೆ ಮಾಡಿ ಫೋಟೋ ಹಾಕಿ ಅಂತ ಬೇಡ್ಕೊಳ್ಳೋ ಸೆಕ್ರೆಟರಿ ನೀವೊಬ್ರೇ ಅಂತ. ಆದ್ರೆ ಮುಂದಿನದ್ದೆಲ್ಲ ನಡೆದಿದ್ದು ಆ ಫೋಟೋಗಳಿಂದಲೇ.

ನಾಗರ ಬಂದ ದಿನ

ಕಾರ್ತಿಕ ಮಾಸ, ಸಂಜೆ ದೀಪ ಹಚ್ಚೋ ಹೊತ್ತು. ಒಬ್ಬರ ಮನೆ ಶೂ ಸ್ಟ್ಯಾಂಡ್ ಹಿಂದೆ ನಾಗರಹಾವು, ಹೆಡೆ ಎತ್ತಿ ಕೂತಿದೆ. ಮೇಷ್ಟ್ರು ಬಂದ್ರು. ಕೋಲು ತಂದಿರಲಿಲ್ಲ. ಚಪ್ಪಲಿ ಬಿಟ್ಟು ಕೈ ಮುಗಿದ್ರು. ಅರಿಶಿನ ಬಂತು, ಊದಿನಕಡ್ಡಿ ಬಂತು, ಒಂದು ಲೋಟ ಹಾಲೂ ಬಂತು (ಹಾವು ಹಾಲು ಕುಡಿಯಲ್ಲ, ಅದಕ್ಕೆ ಜೀರ್ಣ ಮಾಡ್ಕೊಳ್ಳೋ ಶಕ್ತಿನೂ ಇಲ್ಲ, ಆದ್ರೆ ಆ ಹೊತ್ತಲ್ಲಿ ಅದನ್ನ ಹೇಳೋಕೆ ಯಾರಿಗೆ ಧೈರ್ಯ). ಸುಮಾರು ಇಪ್ಪತ್ತೈದು ಜನ ಅಂಗಳದಲ್ಲಿ ಪಿಸುಮಾತಲ್ಲಿ ನಿಂತ್ರು. ಒಬ್ಬರ ಪರಿಚಯದ ಹುಡುಗನಿಗೆ ಫೋನ್ ಮಾಡಿದ್ರು, ಹಗಲು ಎಲೆಕ್ಟ್ರಿಷಿಯನ್ ಕೆಲಸ, ಹಾವಿನ ಕರೆ ಬಂದ್ರೆ ಹೋಗ್ತಾನೆ, ಅರಣ್ಯ ಇಲಾಖೆಯವರಿಗೂ ಗೊತ್ತಿರೋ ಹುಡುಗ. ಬರೋಕೆ ನಲವತ್ತು ನಿಮಿಷ ಹಿಡೀತು. ಅಷ್ಟೂ ಹೊತ್ತು ಯಾರೂ ಅಲುಗಾಡಲಿಲ್ಲ. ಆತ ಚೀಲದ ಬಾಯಿಗೆ ಪೈಪ್ ಇಟ್ಟ, ಕತ್ತಲು ಕಂಡ ಹಾವು ತಾನೇ ಒಳಗೆ ಹೋಯ್ತು, ಕಟ್ಟಿದ, ಮುಗೀತು. ಹೆಡೆ ಆಡಿಸೋದು ಏನೂ ಇಲ್ಲ. ಒಂದು ಹುಡುಗ ನಿರಾಶೆಯಿಂದ "ಇಷ್ಟೇನಾ" ಅಂದ.

ಆ ಎಲೆಕ್ಟ್ರಿಷಿಯನ್ ಹುಡುಗನಿಗೆ ನಾನು ಆಮೇಲೆ ಒಂದಿನ ಗ್ರೂಪಿನ ಹನ್ನೊಂದು ಫೋಟೋ ತೋರಿಸಿದೆ. ಚಹಾ ಕುಡೀತಾ ಒಂದೊಂದೇ ಬೆರಳಲ್ಲಿ ಸರಿಸಿದ. ತೋಳಹಾವು, ತೋಳಹಾವು, ಕೇರೆ, ಆಭರಣದ ಹಾವು, ಕೇರೆ, ತೋಳಹಾವು, ನೀರೊಳ್ಳೆ, ಕೇರೆ, ಹುಳುಹಾವು, ತೋಳಹಾವು. ಹುಳುಹಾವು ಅಂದ್ರೆ ಎರೆಹುಳದಷ್ಟೇ ಇರುತ್ತೆ, ಕಿವಿಗೆ ಹೋಗುತ್ತೆ ಅಂತ ಚಪ್ಪಲೀಲಿ ಹೊಡೆದಿದ್ರು, ಅದು ತಿನ್ನೋದು ಇರುವೆ ಗೆದ್ದಲಿನ ಮೊಟ್ಟೆ. ಒಂದನ್ನ ಮಾತ್ರ ತಲೆ ಜಜ್ಜಿಹೋಗಿ ಗುರುತು ಹಿಡಿಯೋಕಾಗಲಿಲ್ಲ. ಗುರುತು ಹತ್ತಿದ ಹತ್ತರಲ್ಲಿ ಮನುಷ್ಯನಿಗೆ ಅಪಾಯದ ವಿಷ ಇರೋದು ಒಂದೂ ಇಲ್ಲ. ಅಲ್ಲೀವರೆಗೆ ನಮಗೆ ಗೊತ್ತಾದ ವಿಷದ ಹಾವು ಒಂದೇ ಒಂದು, ಆ ನಾಗರ, ಅದು ನಮ್ಮ ಲೇಔಟಿಂದ ಜೀವಂತ ಹೋಯ್ತು.

ಇಲ್ಲಿ ನನಗೆ ಏನೋ ತಿರುಗಿತು. ನಾನು ಅಲ್ಲೀವರೆಗೆ ಭಯ ಹೆಚ್ಚಾಗಿ ಕೈ ತಡೆಯಕ್ಕಾಗದೆ ಜನ ಹೊಡೀತಾರೆ ಅಂತಲೇ ನಂಬಿದ್ದೆ. ಹಂಗಾದ್ರೆ ನಾಗರದ ಮುಂದೆ ಭಯ ಕಮ್ಮಿ ಇತ್ತಾ? ಹೆಚ್ಚೇ ಇತ್ತು. ಆದ್ರೂ ನಲವತ್ತು ನಿಮಿಷ ಕಾದ್ರು. ಅದೇ ಜನ, ಅದೇ ಮೇಷ್ಟ್ರು, ಬಾತ್‌ರೂಮಿನ ಒಂದೂವರೆ ಅಡಿ ತೋಳಹಾವಿಗೆ ನಾಲ್ಕು ನಿಮಿಷ ಕಾಯಲಿಲ್ಲ. ನಾಗರ ಕಂಡಾಗ ಏನು ಮಾಡಬೇಕು ಅನ್ನೋದು ಅಜ್ಜಿ ಕಾಲದಿಂದ ಎಲ್ರಿಗೂ ಗೊತ್ತು, ಚಪ್ಪಲಿ ಬಿಡು, ಕೈ ಮುಗಿ, ದೂರ ನಿಲ್ಲು, ಕೊಂದ್ರೆ ಸರ್ಪದೋಷ, ಆಮೇಲೆ ಕುಕ್ಕೆಗೆ ಹೋಗಿ ಸಂಸ್ಕಾರ ಮಾಡಿಸಬೇಕು. ಕೈಗೆ ಒಂದು ಕೆಲಸ ಇದೆ, ಕಾಯೋದಕ್ಕೆ ಒಂದು ಮರ್ಯಾದೆ ಇದೆ. ಬೇರೆ ಹಾವು ಕಂಡ್ರೆ ಕೈಗೆ ಇರೋದು ಕೋಲು ಒಂದೇ. ಸುಮ್ನೆ ನಿಂತ ಗಂಡಸನ್ನ ಹೆಂಡತಿ ಮಕ್ಕಳು "ಏನ್ ನೋಡ್ತಾ ನಿಂತಿದೀರಾ" ಅಂತಾರೆ. ಅಲ್ಲಿ ಏಟು ಬೀಳುತ್ತೆ.

ಕುರ್ಚಿ

ಇದನ್ನ ಆ ಹುಡುಗನ ಹತ್ರ ಹೇಳ್ದಾಗ ಅವನು ದೊಡ್ಡ ಮಾತೇನೂ ಆಡಲಿಲ್ಲ. "ಕುರ್ಚಿ ಹಾಕ್ಕೊಂಡು ಕೂತ್ಕೊಳಕ್ಕೆ ಹೇಳಿ ಸರ್, ಕೂತೋರು ಹೊಡೆಯಲ್ಲ" ಅಂದ. ತಮಾಷೆ ಅನ್ಕೊಂಡೆ. ಆದ್ರೆ ನಮ್ಮ ಇಡೀ ವ್ಯವಸ್ಥೆ ಆ ಮಾತಿನ ಮೇಲೇ ನಿಂತಿರೋದು. ಹಾವು ಕಂಡವರು ಅದರಿಂದ ಹತ್ತಡಿ ದೂರ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಅದರ ಮೇಲೆ ಕಣ್ಣಿಟ್ಟು ಕೂರೋದು, ಇನ್ನೊಬ್ರು ಫೋನ್ ಮಾಡೋದು, ಮೂರನೆಯವರು ಮಕ್ಕಳು ನಾಯಿ ಎಲ್ಲ ಒಳಗೆ ಕಳಿಸಿ ರೂಮಿನ ಬಾಗಿಲ ಸಂದಿಗೆ ಟವೆಲ್ ತುರುಕೋದು. ಕಣ್ಣು ತಪ್ಪಿದ್ರೆ ಹಾವು ಎಲ್ಲೋಯ್ತು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ, ಹಾಗಾಗಿ ನೋಡ್ತಾ ಕೂರೋದು ನಿಜವಾಗ್ಲೂ ಕೆಲಸವೇ. ಸಂಘದಿಂದ ಆ ಹುಡುಗನಿಗೆ ಪ್ರತಿ ಕರೆಗೂ ಪೆಟ್ರೋಲ್ ಖರ್ಚು ಅಂತ ನಿಗದಿ ಮಾಡಿದ್ವಿ, ಯಾಕಂದ್ರೆ ಮೊದಲೆಲ್ಲ ದುಡ್ಡು ಎಷ್ಟು ಕೇಳ್ತಾನೋ ಅನ್ನೋ ಅನುಮಾನಕ್ಕೇ ಕೆಲವರು ಫೋನ್ ಮಾಡ್ತಿರಲಿಲ್ಲ.

ಮೇಷ್ಟ್ರಿಗೆ ಫೋಟೋ ವಿಷಯ ಹೇಳಿದ್ದು ನಾನೇ. ಆ ನಾಲ್ಕು ತೋಳಹಾವೂ ಅವರು ಕಟ್ಟುಹಾವು ಅಂತ ಹೊಡೆದಿದ್ದು. ಎರಡಕ್ಕೂ ಮೈಮೇಲೆ ಅಡ್ಡಪಟ್ಟೆ ಇರುತ್ತೆ, ಎರಡೂ ರಾತ್ರಿ ಓಡಾಡ್ತವೆ, ಮೋಸ ಹೋಗೋದು ಸಹಜ. ತೋಳಹಾವು ಕಂದು ಬಣ್ಣ, ಪಟ್ಟೆ ಕುತ್ತಿಗೆ ಹತ್ರದಿಂದಲೇ ಅಗಲವಾಗಿ ಶುರುವಾಗಿ ಬಾಲದ ಕಡೆ ಮಾಸುತ್ತೆ, ಗೋಡೆ ಹಲ್ಲಿ ತಿನ್ನೋಕೆ ಮನೆಗೆ ಬರುತ್ತೆ. ಕಟ್ಟುಹಾವು ಹೊಳೆಯೋ ನೀಲಿಗಪ್ಪು, ಬಿಳಿ ಗೆರೆ ಸಣ್ಣಗೆ, ಸಾಮಾನ್ಯವಾಗಿ ಜೋಡಿ ಜೋಡಿ, ತಲೆ ಕಡೆ ಮಾಸಲು, ಹಿಂದಕ್ಕೆ ಹೋದಷ್ಟೂ ಸ್ಪಷ್ಟ. ಮರಿಗಳಲ್ಲಿ ಈ ಗುರುತು ಕೈಕೊಡುತ್ತೆ, ಹಾಗಾಗಿ ಇದನ್ನ ಓದಿ ಯಾರೂ ಕೈ ಹಾಕಬೇಡಿ, ಕುರ್ಚಿ ಎರಡಕ್ಕೂ ಒಂದೇ. ಮೇಷ್ಟ್ರು ಫೋಟೋಗಳನ್ನ ಕನ್ನಡಕ ಹಾಕ್ಕೊಂಡು, ತೆಗೆದು, ಮತ್ತೆ ಹಾಕ್ಕೊಂಡು ನೋಡಿದ್ರು. "ಅವತ್ತು ರಾತ್ರಿ ಅದನ್ನ ನಾವು ಯಾರೂ ನೋಡಲೇ ಇಲ್ಲ ಕಣಯ್ಯಾ" ಅಂದ್ರು. ಅರವತ್ತು ವರ್ಷ ಹುಡುಕ್ತಿದ್ದ ಹಾವಿನ ಮುಖವೇ ಅವರಿಗೆ ಗೊತ್ತಿರಲಿಲ್ಲ. ನಾನು ಸುಮ್ನೆ ಎದ್ದು ಬಂದೆ.

ಅವರು ಮಾರನೇ ದಿನ ಬದಲಾದ್ರು ಅಂತೇನಿಲ್ಲ. ಒಂದು ತಿಂಗಳಾದ ಮೇಲೆ ಇನ್ನೊಂದು ತೋಳಹಾವು ಹೊಡೆದ್ರು, ಮೊಮ್ಮಗಳು ಕಿರುಚಿದ್ಳು ಅಂತ. ಆದ್ರೆ ಅದಾದ್ಮೇಲೆ ಬೇರೆಯವರ ಮನೆ ಕರೆಗೆ ಕೋಲಿನ ಬದಲು ಕುರ್ಚಿ ತರೋಕೆ ಶುರು ಮಾಡಿದ್ರು. ಮೇಷ್ಟ್ರೇ ಕೂತ್ಮೇಲೆ ಬೇರೆಯೋರು ಹೊಡೆಯೋಕೆ ನಾಚ್ಕೋತಾರೆ. ಜೊತೆಗೆ ಕಲ್ಲು ಹಲಗೆ ತೆಗೆಸಿದ್ವಿ, ಮೂಲೆ ಕಸ ನಿಲ್ಲಿಸಿದ್ವಿ (ನಾಯಿಪ್ರಿಯರ ಜೊತೆ ಆದ ಜಗಳ ಬೇರೆಯೇ ಪ್ರಕರಣ), ಮೋರಿ ಬಾಯಿಗೆ ಜಾಲರಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಹಿಡಿದ ಹಾವನ್ನ ದೂರದ ಕಾಡಿಗೆ ಬಿಟ್ಟು ಬನ್ನಿ ಅಂತ ಎಲ್ರ ಒತ್ತಾಯ. ಹುಡುಗ ಒಪ್ಪಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಟ್ರೆ ಅಡಗೋ ಜಾಗ, ಊಟ ಯಾವುದೂ ತಿಳೀದೆ ಅಲೆದು ಸಾಯುತ್ತೆ ಇಲ್ಲಾ ಇನ್ನೊಬ್ಬರ ಮನೆ ಹೊಕ್ಕುತ್ತೆ ಅಂತ ಹಳ್ಳದ ಆಚೆ ದಂಡೇಲೇ ಬಿಡ್ತಿದ್ದ. ಇದಕ್ಕೆ ಮೂರು ಮನೆಯವರು ಇವತ್ತಿಗೂ ನನ್ನ ಮೇಲೆ ಸಿಟ್ಟು.

ನಾವು ಮರೆತವರು

ಎರಡನೇ ವರ್ಷದ ಜೂನ್. ಐದು ತಿಂಗಳಿಂದ ಒಂದೂ ಹಾವು ಸತ್ತಿರಲಿಲ್ಲ, ಪಟಾಕಿ ಹೊಡೆಯೋದೊಂದು ಬಾಕಿ. ಲೇಔಟಿನ ಹಿಂಭಾಗದಲ್ಲಿ ಎರಡು ಮನೆ ಏಳ್ತಿತ್ತು, ಅಲ್ಲಿ ತಗಡಿನ ಶೆಡ್ಡು, ಯಾದಗಿರಿ ಕಡೆಯ ನಾಲ್ಕು ಕುಟುಂಬ. ಬೆಳಿಗ್ಗೆ ಐದೂವರೆಗೆ ಮೇಷ್ಟ್ರು ವಾಕಿಂಗ್ ಹೋಗ್ತಿದ್ರು. ಶೆಡ್ಡಿನ ಹೊರಗೆ ಒಬ್ಬ ಹೆಂಗಸು, ಇಪ್ಪತ್ತೈದರ ವಯಸ್ಸಿರಬೇಕು, ಹೊಟ್ಟೆ ಹಿಡ್ಕೊಂಡು ಕೂತಿದಾಳೆ, ಎರಡು ಸಲ ವಾಂತಿ ಆಗಿದೆ. ರಾತ್ರಿ ತಿಂದ ಅನ್ನ ಹಳಸಿತ್ತು ಅಂತ ಗಂಡ ಸೋಡಾ ತರೋಕೆ ಹೊರಟಿದ್ದ. ಮೇಷ್ಟ್ರು ಮುಂದೆ ಹೋದೋರು ವಾಪಸ್ ಬಂದು ಅವಳ ಮುಖ ನೋಡಿದ್ರು. ಮೇಲೆ ನೋಡಮ್ಮ ಅಂದ್ರು. ಅವಳು ಹಣೆ ಎತ್ತಿದ್ಳು, ರೆಪ್ಪೆ ಏಳಲಿಲ್ಲ.

ನನಗೆ ಫೋನ್ ಬಂದಿದ್ದು 5:41ಕ್ಕೆ, ಲಾಗ್‌ನಲ್ಲಿ ಇನ್ನೂ ಇದೆ. "ಕಾರ್ ತಗೊಂಡು ಬಾ, ನಮ್ಮ ತಮ್ಮನ ಥರಾನೇ ಆಗಿದೆ."

ಕಟ್ಟುಹಾವು ನೆಲದಲ್ಲಿ ಮಲಗಿದವರಿಗೇ ಹೆಚ್ಚು ಕಚ್ಚೋದು, ಅದೂ ನಡುರಾತ್ರಿ. ನೋವು ಅಷ್ಟಾಗಿ ಇರಲ್ಲ, ಊತ ಇರಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳೋದು, ನುಂಗೋಕಾಗದೇ ಇರೋದು, ಕೊನೆಗೆ ಉಸಿರಾಟದ ಸ್ನಾಯುಗಳೇ ಕೆಲಸ ನಿಲ್ಲಿಸ್ತವೆ. ಇದೆಲ್ಲ ನಾನು ಆಮೇಲೆ ತಿಳ್ಕೊಂಡಿದ್ದು. ಅವತ್ತು ಅಲ್ಲಿ ಇದನ್ನ ತಿಳಿದಿದ್ದು ಮೇಷ್ಟ್ರೊಬ್ರೇ.

ಹತ್ತು ನಿಮಿಷ ಜಗಳದಲ್ಲಿ ಹೋಯ್ತು. ಹಾವೇ ಕಂಡಿಲ್ಲ, ಕಚ್ಚಿದ ಗುರುತಿಲ್ಲ, ಸುಮ್ನೆ ದೊಡ್ಡಾಸ್ಪತ್ರೆಗೆ ಯಾಕೆ ಅಂತ ಮೇಸ್ತ್ರಿ. ಹತ್ತಿರದ ಊರಲ್ಲಿ ಯಂತ್ರ ಕಟ್ಟೋರು ಇದಾರೆ ಅಂತ ಇನ್ನೊಬ್ಬ. ಯಾರೋ ತೊಡೆಗೆ ಹಗ್ಗ ಬಿಗಿಯೋಕೆ ಬಂದ್ರು, ಮೇಷ್ಟ್ರು ಅವರ ಕೈಗೆ ಹೊಡೆದ್ರು, ನಿಜವಾಗ್ಲೂ ಹೊಡೆದ್ರು. ಸರ್ಕಾರಿ ಆಸ್ಪತ್ರೇಲಿ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡೋ ಔಷಧಿ) ಇದೆಯಾ, ವೆಂಟಿಲೇಟರ್ ಇದೆಯಾ ಅಂತ ನಾವು ಮೂರು ತಿಂಗಳ ಹಿಂದೆ ವಿಚಾರಿಸಿ ಗ್ರೂಪಲ್ಲಿ ಹಾಕಿದ್ವಿ, ಹಾಗಾಗಿ ಯಾವ ಆಸ್ಪತ್ರೆ ಅಂತ ಯೋಚಿಸೋ ಹೊತ್ತು ಉಳೀತು. ಹೋಗೋವಷ್ಟರಲ್ಲಿ ಮಾತು ತೊದಲ್ತಿತ್ತು, ಎಂಜಲು ನುಂಗೋಕಾಗದೆ ಪಕ್ಕಕ್ಕೆ ಸುರೀತಿತ್ತು, ಒಂದು ಮಗ್ಗುಲಿಗೆ ಮಲಗಿಸಿ ಕರ್ಕೊಂಡು ಹೋದ್ವಿ.

ಡಾಕ್ಟರು ಹಾವು ತಂದಿದೀರಾ ಅಂತ ಕೇಳಲೇ ಇಲ್ಲ. ನಮ್ಮಲ್ಲಿ ಸಿಗೋ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿಸಿ ಮಾಡಿದ್ದು, ಲಕ್ಷಣ ನೋಡಿ ಶುರು ಮಾಡ್ತಾರೆ. ಆದ್ರೆ ಕಟ್ಟುಹಾವಿನ ವಿಷ ನರದ ತುದಿಗೇ ಪೆಟ್ಟು ಕೊಡುತ್ತೆ, ಒಮ್ಮೆ ಪೆಟ್ಟು ಬಿದ್ಮೇಲೆ ಔಷಧಿ ಕೊಟ್ರೂ ಅದು ತಕ್ಷಣ ಸರಿಹೋಗಲ್ಲ, ದೇಹ ರಿಪೇರಿ ಮಾಡ್ಕೊಳ್ಳೋವರೆಗೆ ಮೆಷೀನು ಉಸಿರಾಡಿಸಬೇಕು. ನಾಲ್ಕು ದಿನ ವೆಂಟಿಲೇಟರಲ್ಲಿ ಇದ್ಳು. ಒಬ್ರು ಬಂದು ಫಾರಂ ತುಂಬಿಕೊಂಡು ಹೋದ್ರು, 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ ಆಗಿದೆ. ಐದನೇ ದಿನ ಟ್ಯೂಬ್ ತೆಗೆದ್ರು. ಬದುಕಿದ್ಳು.

ಹಾವು ಆವತ್ತೇ ಬೆಳಿಗ್ಗೆ ಶೆಡ್ಡಲ್ಲಿ ಸಿಮೆಂಟ್ ಚೀಲದ ಅಡಿ ಸಿಕ್ತು, ಮೂರಡಿ, ಗೆರೆ ಜೋಡಿ ಜೋಡಿ. ಹಾರೆಯಲ್ಲಿ ತುಂಡು ಮಾಡಿದ್ರು. ನಮ್ಮ ಐದು ತಿಂಗಳ ರೆಕಾರ್ಡು ಮುರೀತು ಅಂತ ಗ್ರೂಪಲ್ಲಿ ಒಬ್ರು ಬೇಸರದ ಗುರುತು ಹಾಕಿದ್ರು. ನಾನು ಅದನ್ನ ನೋಡಿ ಫೋನ್ ಎಸೆಯೋದೊಂದು ಬಾಕಿ. ಆ ನಾಲ್ಕು ಮನೆಯ ಯಾರೂ ನಮ್ಮ ಗ್ರೂಪಲ್ಲಿರಲಿಲ್ಲ, ಪೋಸ್ಟರ್ ಶೆಡ್ಡಿನ ಕಡೆ ಹಾಕಿರಲಿಲ್ಲ, ಹುಡುಗನ ನಂಬರ್ ಕೊಟ್ಟಿರಲಿಲ್ಲ. ಇನ್ನೂ ಕೆಟ್ಟದ್ದು ಹೇಳ್ತೀನಿ, ನಾವು ಖಾಲಿ ಸೈಟಿಂದ ತೆಗೆಸಿದ ಕಲ್ಲು ಹಲಗೆಯೆಲ್ಲ ಎಲ್ಲಿಗೆ ಹಾಕಿಸಿದ್ವಿ ಗೊತ್ತಾ, ಹಿಂಭಾಗಕ್ಕೆ, ಶೆಡ್ಡಿಂದ ಮೂವತ್ತಡಿ. ಆ ಹಾವು ಅದೇ ರಾಶಿಯಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಕ್ಕಾಗಲ್ಲ. ಆದ್ರೆ ರಾಶಿ ಹಾಕೋ ಜಾಗ ತೋರಿಸಿದ್ದು ನಾನು. ಆ ಹಾವನ್ನ ಹೊಡೆದವರಿಗೆ ಒಂದು ಮಾತೂ ಅನ್ನಲಿಲ್ಲ, ಅನ್ನೋ ಯೋಗ್ಯತೆ ನಮಗಿರಲಿಲ್ಲ.

ಈಗ ಎಲ್ಲಿದೀವಿ

ಅದಾದ ವಾರವೇ ರಾಶಿ ಟ್ರ್ಯಾಕ್ಟರಲ್ಲಿ ಹೊರಗೆ ಹೋಯ್ತು. ಶೆಡ್ಡಿನ ನಾಲ್ಕೂ ಮನೆಗೆ ಹಗ್ಗದ ಮಂಚ, ಹಾಸಿಗೆ ಕೆಳಗೆ ಸಿಕ್ಕಿಸೋ ಸೊಳ್ಳೆ ಪರದೆ, ಒಂದೊಂದು ಟಾರ್ಚ್. ಪರದೆ ಸರಿಯಾಗಿ ಸಿಕ್ಕಿಸಿದ್ರೆ ಕಟ್ಟುಹಾವು ಒಳಗೆ ಬರಲ್ಲ, ಸೊಳ್ಳೆನೂ ಬರಲ್ಲ, ಒಟ್ಟು ಖರ್ಚು ನಾವು ಹಿಂದಿನ ವರ್ಷ ಮೋರಿಗೆ ಸುರಿದ ಔಷಧಿಗಿಂತ ಕಮ್ಮಿ. ಮನೆ ಕಟ್ಟಿಸೋರು ಅಡ್ವಾನ್ಸ್ ಕೊಡೋವಾಗಲೇ ಇದನ್ನ ಸೇರಿಸಬೇಕು ಅಂತ ಸಂಘದಲ್ಲಿ ಠರಾವು ಮಾಡಿದೀವಿ. ಒಬ್ರು ಮಾಡಿದಾರೆ, ಇನ್ನೊಬ್ರು ನೋಡೋಣ ಅಂದಿದಾರೆ.

ಎರಡನೇ ವರ್ಷದ ಲೆಕ್ಕ ಹೇಳ್ಬೇಕಂದ್ರೆ ಹುಡುಗ ಹಿಡಿದು ಬಿಟ್ಟಿದ್ದು ಒಂಬತ್ತು, ಅದರಲ್ಲಿ ಎರಡು ನಾಗರ, ಒಂದು ಕೊಳಕುಮಂಡಲ. ಸತ್ತಿದ್ದು ಮೂರು. ಒಂದು ಆ ಕಟ್ಟುಹಾವು, ಒಂದು ಮೇಷ್ಟ್ರು ಹೊಡೆದ ತೋಳಹಾವು, ಇನ್ನೊಂದು ಕೇರೆ, ಗ್ರೂಪ್ ಬಿಟ್ಟುಹೋದ ಒಂದು ಮನೆಯವರದ್ದು, ಅವರು ಬಾಗಿಲೇ ತೆಗೆಯಲ್ಲ. ಹೆಗ್ಗಣ ಕಮ್ಮಿ ಆಗಿದಾವೆ, ಅದು ಕೇರೆ ಉಳಿದಿದ್ದಕ್ಕೋ ಕಸ ನಿಂತಿದ್ದಕ್ಕೋ ನನ್ನನ್ನ ಕೇಳಬೇಡಿ, ಇಬ್ರು ಇಂಜಿನಿಯರುಗಳು ಇದರ ಮೇಲೆ ಗ್ರೂಪಲ್ಲಿ ವಾರಗಟ್ಟಲೆ ವಾದ ಮಾಡಿದಾರೆ.

ಮೊನ್ನೆ ಆ ಹೆಂಗಸು ಗಾರೆ ಹೊರ್ತಿದ್ಳು, ಮುಖ ತುಂಬ್ಕೊಂಡಿದೆ. ಪರದೆ ದಿನಾ ಕಟ್ಕೋತೀಯಾ ತಾನೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅದನ್ನ ಊರಿಗೆ ಕಳ್ಸೀನ್ರೀ ಸಾಹೇಬ್ರ, ಮಗಳು ಅಜ್ಜಿ ಕೂಡ ಅಲ್ಲೇ ಕೆಳಗ ಮಲಗ್ತಾಳ" ಅಂದ್ಳು. ಸಂಜೆ ಪೇ‌ಟೆಗೆ ಹೋಗಿ ಇನ್ನೊಂದು ತಂದೆ. ಅಂಗಡಿಯವನು ಎಷ್ಟು ಬೇಕು ಅಂದ, ಯೋಚನೆ ಮಾಡಿ ಎರಡು ಕೊಡು ಅಂದೆ.